ಮೂರು ಹಲ್ಲಿನ ಗುದ್ದಲಿ

ಫೆಬ್ರವರಿ ೩

ಅಣ್ಣನಿಗೆ,

ಏಳು ವರ್ಷದ ಮೇಲೆ ನನ್ನ ಕಾಗದ ಬಂದಿತೆಂದು ಗಾಬರಿಯಾಗಬೇಡ. ಯಾರಿಗೂ ಏನೂ ಆಗಿಲ್ಲ. ರಾಜಿ ಮಾಡಿಕೊಳ್ಳಲೂ ಬರೆಯುತ್ತಿಲ್ಲ. ನನಗೆ ಅಪ್ಪನ ನಾಲ್ಕು ಹಲ್ಲಿನ ಗುದ್ದಲಿ ಬೇಕು, ಅಷ್ಟೇ.

ಯಾಕೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಅದಕ್ಕೂ ಒಂದು ಅರ್ಥ ಹಚ್ಚುತ್ತೀಯ. ಹೋದ ತಿಂಗಳಿಂದ ನಾನು ಇಲ್ಲಿನ ಆಸ್ಪತ್ರೆಯಲ್ಲಿ ತೋಟದ ಕೆಲಸಕ್ಕಿದ್ದೇನೆ. ಗಂಡಸರ ವಾರ್ಡಿಗೂ ಹೆಂಗಸರ ವಾರ್ಡಿಗೂ ನಡುವೆ ಒಂದು ಅಂಗಳವಿದೆ, ಇಪ್ಪತ್ತು ಹೆಜ್ಜೆ ಉದ್ದ, ಹದಿನೈದು ಹೆಜ್ಜೆ ಅಗಲ. ಎರಡೂ ಕಡೆಯ ಕಿಟಕಿಗಳು ಅದಕ್ಕೇ ತೆರೆಯುತ್ತವೆ. ಮಲಗಿದವರು ದಿನವಿಡೀ ನೋಡಬಹುದಾದದ್ದು ಆ ಅಂಗಳ ಒಂದೇ, ಅಲ್ಲಿ ನೋಡಲು ಒಂದು ಹುಲ್ಲುಕಡ್ಡಿಯೂ ಇಲ್ಲ. ಮ್ಯಾನೇಜರ್ ನನ್ನನ್ನು ಅಲ್ಲಿಗೇ ಕರೆದುಕೊಂಡು ಹೋಗಿ ಹೇಳಿದ: "ಆಗಸ್ಟ್ ಮುಗಿಯೋದ್ರೊಳಗೆ ಇಲ್ಲಿ ಹಸಿರು ಕಾಣ್ಬೇಕು. ಕಾಣ್ಲಿಲ್ಲ ಅಂದ್ರೆ ಟೈಲ್ಸ್ ಹಾಕಿಸಿ ಗಾಡಿ ನಿಲ್ಸೋ ಜಾಗ ಮಾಡ್ತೀನಿ. ಆಮೇಲೆ ತೋಟದೋರ್ನ ಇಟ್ಕೊಂಡು ನಾನೇನ್ ಮಾಡ್ಲಿ, ನೀವೇ ಹೇಳಿ." ತಲೆಯಾಡಿಸಿದೆ.

ನೆಲ ಅಪ್ಪಟ ಜೇಡಿಮಣ್ಣು. ಒಣಗಿದಾಗ ಇಟ್ಟಿಗೆ, ನೆಂದಾಗ ಗೋಂದು. ಉಗ್ರಾಣದವನು ಕೊಟ್ಟ ಸಲಿಕೆಯಲ್ಲಿ ಅಗೆಯಲು ಹೋದೆ. ಎರಡನೆಯ ದಿನಕ್ಕೆ ಅದು ಮೂತಿ ತಿರುಗಿಸಿಕೊಂಡಿತು. ಪಿಕಾಸಿ ತಂದೆ, ನೆಲ ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಕಿಟಕಿಯಲ್ಲಿ ಕೂತ ರೋಗಿಗಳು ನನಗೆ ಉಪಾಯ ಹೇಳಿಕೊಡತೊಡಗಿದ್ದಾರೆ. ಕಮ್ಮಾರನ ಮನೆಯಲ್ಲಿ ಹುಟ್ಟಿದವಳಿಗೆ ಇದಕ್ಕಿಂತ ಅವಮಾನ ಬೇಕೇ?

ಅಪ್ಪ ಅದನ್ನು ತನ್ನ ಹಿತ್ತಲಿನ ಜೇಡಿಗೆಂದೇ ಮಾಡಿಕೊಂಡಿದ್ದ. ಅದು ಕುಲುಮೆಯ ಬಾಗಿಲ ಹಿಂದೆ ನೇತಾಡುತ್ತಿತ್ತು. ನೀನು ಬೇರೆಲ್ಲ ಇಟ್ಟುಕೋ. ಕುಲುಮೆ ನಿನಗೆ, ಕಬ್ಬಿಣ ಬಡಿಯುವ ಅಡಿಗಲ್ಲು ನಿನಗೆ, ಅಪ್ಪನ ಹೆಸರು ನಿನಗೆ. ನನಗೆ ಅದೊಂದನ್ನು ಕಳಿಸು.

ನಿನ್ನ ತಂಗಿ


ಫೆಬ್ರವರಿ ೧೪

ತಂಗಿಗೆ,

ಕಾಗದ ತಲುಪಿತು. ಏಳು ವರ್ಷದ ಮೇಲೆ ಬರೆಯುವವಳು ಅತ್ತಿಗೆ ಹೇಗಿದ್ದಾಳೆ ಎಂದು ಒಂದು ಸಾಲು ಕೇಳಬಹುದಿತ್ತು. ಚೆನ್ನಾಗಿದ್ದಾಳೆ.

ಸಲಿಕೆಯಲ್ಲಿ ಜೇಡಿ ಅಗೆಯಲು ಹೋದೆ ಎಂದು ಬರೆದು ಕೆಳಗೆ ಸಹಿ ಬೇರೆ ಹಾಕಿದ್ದೀಯ. ಸಲಿಕೆ ಇರುವುದು ಅಗೆದಾದ ಮಣ್ಣನ್ನು ಎತ್ತಿಹಾಕಲು. ಅದು ಅನ್ನ ಬಡಿಸುವ ಸೌಟಿದ್ದ ಹಾಗೆ, ಅದರಲ್ಲಿ ತೆಂಗಿನಕಾಯಿ ಒಡೆದರೆ ಸೌಟಿನ ತಪ್ಪೇ? ಪಿಕಾಸಿ ಕಲ್ಲುನೆಲಕ್ಕೆ. ಕಲ್ಲಾದರೆ ಬಿರಿಯುತ್ತದೆ, ಜೇಡಿ ಬಿರಿಯುವುದಿಲ್ಲ, ಒಂದು ತೂತು ಮಾಡಿಸಿಕೊಂಡು ಸುಮ್ಮನಾಗುತ್ತದೆ. ಹಾರೆ ಕಂಬ ನೆಡುವವರಿಗೆ. ಇದನ್ನೆಲ್ಲ ನಿನಗೆ ನಾನು ಹೇಳಬೇಕಾಗಿ ಬಂತಲ್ಲ ಎಂದು ನನಗೇ ನಾಚಿಕೆಯಾಗುತ್ತಿದೆ.

ಅಪ್ಪನ ಗುದ್ದಲಿ ಇಲ್ಲ. ಮತ್ತೆ ಕೇಳಬೇಡ.

ಅಗಲ ಅಲಗಿನದೊಂದನ್ನು ಪಾರ್ಸೆಲ್ ಮಾಡಿದ್ದೇನೆ. ಕೆಲಸ ಕೆಟ್ಟದ್ದೇನಲ್ಲ, ನೀನೇ ನೋಡು. ಮರದ ಕಾವು ಎದೆಮಟ್ಟಕ್ಕೆ ಬರುವಂತೆ ಕೊಯ್ದಿದ್ದೇನೆ. ನೀನೂ ಅತ್ತಿಗೆಯೂ ಒಂದೇ ಎತ್ತರವಾದ್ದರಿಂದ ಅವಳನ್ನು ನಿಲ್ಲಿಸಿ ಅಳೆದೆ. ಒಲೆಯ ಮೇಲೆ ಹಾಲಿಟ್ಟು ಬಂದಿದ್ದಳು, ಉಕ್ಕಿಹೋಯಿತು. ಅದಕ್ಕೂ ನಾನೇ ಬೈಸಿಕೊಂಡೆ.

ಅಣ್ಣ


ಮಾರ್ಚ್ ೧

ಅಣ್ಣನಿಗೆ,

ಪಾರ್ಸೆಲ್ ಬಂತು. ಸುಳ್ಳು ಹೇಳುವುದಿಲ್ಲ. ಕಾಗದ ಬಿಚ್ಚಿದವಳು ಅಲಗನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದೆ. ಅಪ್ಪ ಇಷ್ಟು ತೆಳ್ಳಗೆ, ಇಷ್ಟು ಸಮನಾಗಿ ಅಲಗು ಬಡಿದದ್ದನ್ನು ನಾನು ಕಂಡಿಲ್ಲ. ಮುಖ ನೋಡಿಕೊಳ್ಳಬಹುದು, ಅಷ್ಟು ನುಣುಪು. ಇದನ್ನು ಬರೆಯುವಾಗ ನನಗೆ ಎಷ್ಟು ಕಷ್ಟವಾಗುತ್ತಿದೆ ಎಂದು ನಿನಗೆ ಗೊತ್ತಿರುತ್ತದೆ, ಖುಷಿಪಟ್ಟುಕೋ.

ಹಿಂದಿನ ದಿನ ಅಂಗಳಕ್ಕೆ ಚೆನ್ನಾಗಿ ನೀರು ಬಿಟ್ಟು ನೆನೆಸಿದೆ. ಮಾರನೆಯ ದಿನ ಅಲಗು ಬೆಣ್ಣೆಗೆ ಇಳಿದಂತೆ ಇಳಿಯಿತು. ನಾಲ್ಕೇ ದಿನದಲ್ಲಿ ಹನ್ನೆರಡು ಗುಂಡಿ. ಅಂಚು ನೋಡಬೇಕು ನೀನು, ಅಚ್ಚಿನಲ್ಲಿ ಎತ್ತಿದ ಹಾಗಿವೆ. ಆರು ದಾಳಿಂಬೆ, ಆರು ನಿಂಬೆ ಇಟ್ಟಿದ್ದೇನೆ. ಹೆಂಗಸರ ವಾರ್ಡಿನವರು ಒಂದೊಂದು ಸಸಿಯನ್ನು ತಂತಮ್ಮದೆಂದು ಹಂಚಿಕೊಂಡೂ ಆಯಿತು. ಮೂಲೆಯ ಹಾಸಿಗೆಯವಳಿಗೆ ಎದ್ದು ಕೂರಲು ಆಗುವುದಿಲ್ಲ. ಅವಳ ಸಸಿ ಹೇಗಿದೆ ಎಂದು ಪಕ್ಕದವಳು ಬೆಳಿಗ್ಗೆ ಸಂಜೆ ವರದಿ ಒಪ್ಪಿಸುತ್ತಾಳೆ.

ಆದರೆ 'ಅಪ್ಪನ ಗುದ್ದಲಿ ಇಲ್ಲ' ಎಂದರೆ ಏನರ್ಥ? ಗುದ್ದಲಿಗೇನು ಕಾಲು ಬಂದಿತ್ತೇ? ಯಾರಿಗಾದರೂ ಕೊಟ್ಟೆಯಾ, ಕಳೆದೆಯಾ? ಮತ್ತೆ ಕೇಳಬೇಡ ಎನ್ನಲು ನೀನು ಯಾರು? ಅವನು ನನಗೂ ಅಪ್ಪನೇ.

ಉತ್ತರ ಬರೆ.

ನಿನ್ನ ತಂಗಿ


ಮೇ ೯

ಅಣ್ಣನಿಗೆ,

ನೀನು ಉತ್ತರ ಬರೆಯಲಿಲ್ಲ. ಈಗ ಬರೆಯಲೇಬೇಕಾಗುತ್ತದೆ, ಯಾಕೆಂದರೆ ನಿನ್ನ ಆ ಹೊಳೆಯುವ ಅಲಗು ನನ್ನ ಒಂಬತ್ತು ಸಸಿಗಳನ್ನು ಕೊಂದಿದೆ.

ಮೊದಲು ಎಲೆ ಹಳದಿಯಾಯಿತು. ನೀರು ಸಾಲದು ಎಂದುಕೊಂಡು ಇನ್ನಷ್ಟು ಹಾಕಿದೆ. ಎಲೆ ಉದುರಿತು. ಕಿತ್ತು ನೋಡಿದರೆ ಬೇರುಗಳೆಲ್ಲ ಕಪ್ಪಾಗಿ ಕೊಳೆತಿವೆ, ಗುಂಡಿಯ ತಳದಲ್ಲಿ ವಾರದ ಹಿಂದಿನ ನೀರು ಹಾಗೆಯೇ ನಿಂತಿದೆ. ಗಂಡಸರ ವಾರ್ಡಿನಲ್ಲಿ ಕಾಲು ಮುರಿದುಕೊಂಡ ಒಬ್ಬ ಮುದುಕ ಕುಂಬಾರನಿದ್ದಾನೆ. ಊರುಗೋಲು ಊರಿಕೊಂಡು ಬಂದವನು ನನ್ನ ಕೈ ಹಿಡಿದು ಅಂಚಿನಲ್ಲಿ ಕೂತು ಗುಂಡಿಯೊಳಗೆ ಕೈಯಿಳಿಸಿ ಗೋಡೆ ಸವರಿದ. ಆಮೇಲೆ ಗಂಟಲು ಬಿಟ್ಟು ನಕ್ಕ.

"ಹನ್ನೆರಡು ಗಡಿಗೆ ಮಾಡಿದ್ದೀಯಲ್ಲಮ್ಮ. ಸುಡೋದೊಂದು ಬಾಕಿ."

ಹಸಿ ಜೇಡಿಯನ್ನು ನುಣುಪು ಕಬ್ಬಿಣದಲ್ಲಿ ಸವರಿದರೆ ಅದರ ಸಣ್ಣ ಸಣ್ಣ ತೂತುಗಳೆಲ್ಲ ಮುಚ್ಚಿಹೋಗುತ್ತವಂತೆ. ಅವನು ಗಡಿಗೆಗೆ ಹೊಳಪು ಕೊಡುವುದು ಹಾಗೆಯೇ ಅಂತೆ. ನೀರು ಆಚೆ ಹೋಗದು, ಬೇರು ಆಚೆ ಹೋಗದು. ನಾನು ಸಸಿ ನೆಟ್ಟಿಲ್ಲ, ಮುಳುಗಿಸಿದ್ದೇನೆ. ಉಳಿದ ಮೂರು ಸಸಿಗಳೂ ಕಟ್ಟಡದ ಗೋಡೆಯ ಪಕ್ಕದವು. ಅಲ್ಲಿ ಕಟ್ಟಡದ ಜಲ್ಲಿ ಸೇರಿಕೊಂಡು ಅಲಗು ಸರಾಗವಾಗಿ ಹೋಗಿರಲಿಲ್ಲ, ಅದಕ್ಕೇ ಬದುಕಿದವು.

"ಇಂಥ ಮಣ್ಣಿಗೆ ಹಲ್ಲಿರೋದು ಬೇಕಮ್ಮ. ಕೊಯ್ಬಾರ್ದು, ಕಿತ್ತಾಡ್ಬೇಕು," ಅಂದ ಕುಂಬಾರ. ಫೆಬ್ರವರಿಯಲ್ಲಿ ನಾನು ಕೇಳಿದ್ದು ಅದನ್ನೇ. ಮಣ್ಣು ಕಂಡ ಕಮ್ಮಾರ ನೀನು, ನಿನಗೆ ಇದು ಗೊತ್ತಿರಲಿಲ್ಲವೇ? ಹಲ್ಲಿನದು ಕೇಳಿದವಳಿಗೆ ಅಲಗಿನದು ಕೊಟ್ಟು ಬಾಯಿ ಮುಚ್ಚಿಸಿದೆ. ಮೂಲೆಯ ಹಾಸಿಗೆಯವಳಿಗೆ ಸಸಿ ಸತ್ತ ಸುದ್ದಿ ಹೇಳಲು ಪಕ್ಕದವಳಿಗೆ ಬಾಯಿಲ್ಲ. ಚಿಗುರಿದೆ, ಚಿಗುರಿದೆ ಎಂದು ದಿನಾ ಸುಳ್ಳು ಹೇಳುತ್ತಿದ್ದಾಳೆ. ಮ್ಯಾನೇಜರ್ ನಿನ್ನೆ ಟೇಪು ಹಿಡಿಸಿ ಅಂಗಳ ಅಳೆಸಿದ.

ನಿನ್ನ ತಂಗಿ


ಮೇ ೧೬

ತಂಗಿಗೆ,

ಒದ್ದೆ ಜೇಡಿಗೆ ಗುದ್ದಲಿ ಹಾಕು ಎಂದು ನಿನಗೆ ಹೇಳಿದವರು ಯಾರು? ನಾನಂತೂ ಹೇಳಿಲ್ಲ. ಅಪ್ಪ ಏನು ಮಾಡುತ್ತಿದ್ದ ಎಂದು ಮರೆತೆಯಾ? ಒಂದು ಹಿಡಿ ಮಣ್ಣು ಉಂಡೆ ಕಟ್ಟಿ ಸೊಂಟದ ಎತ್ತರದಿಂದ ಬಿಡುತ್ತಿದ್ದ. ಒಡೆದು ಚೂರಾದರೆ ಅಗೆಯುವ ದಿನ. ಚಪ್ಪಟೆಯಾಗಿ ಕೂತರೆ ಕಾಲು ತೊಳೆದುಕೊಂಡು ಮನೆಗೆ. ನೀನು ಆ ಉಂಡೆಗಳನ್ನು ಕದ್ದು ನನ್ನ ತಲೆಗೆ ಎಸೆಯುತ್ತಿದ್ದೆ. ಎಸೆದದ್ದು ನೆನಪಿದೆ, ಕಲಿಯಬೇಕಾದದ್ದು ನೆನಪಿಲ್ಲ.

ಹೊಳಪು ಕೊಟ್ಟ ಗುಂಡಿಯ ಗೋಡೆಯನ್ನು ಮೊಳೆ ಹೊಡೆದ ಹಲಗೆಯಿಂದ ಗೀರು. ತಳವನ್ನೂ ಬಿಡಬೇಡ. ಸದ್ಯಕ್ಕೆ ಅಷ್ಟಾದರೂ ಆಗುತ್ತದೆ.

ಆದರೂ ಹಲ್ಲಿನದೇ ಸರಿ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಇದನ್ನೇ ಕಳಿಸಿದೆ. ನನ್ನನ್ನು ಎಷ್ಟು ಬೇಕಾದರೂ ಬೈಯಿ. ಆ ಗುದ್ದಲಿಯನ್ನು ಬೈಯಬೇಡ, ಹೊರಗೆ ಮಳೆಯಲ್ಲಿ ಬಿಡಬೇಡ, ಯಾರಿಗೂ ಕೊಡಬೇಡ.

ಅಣ್ಣ


ಮೇ ೨೭

ನಿನ್ನ ಕಾಗದದ ಕೊನೆಯ ಸಾಲನ್ನು ಮೂರು ಸಲ ಓದಿದೆ. ಗುದ್ದಲಿಯ ಪರವಾಗಿ ಕಮ್ಮಾರ ಹೀಗೆ ಅಂಗಲಾಚುವುದನ್ನು ನಾನು ಕಂಡಿಲ್ಲ. ಅದನ್ನು ಎತ್ತಿಕೊಂಡು ಹೋಗಿ ನಲ್ಲಿಯ ಕೆಳಗೆ ಹಿಡಿದು, ಕಾವು ಕೂರುವ ಕುತ್ತಿಗೆಯವರೆಗೂ ಉಜ್ಜಿ ತೊಳೆದೆ.

ಕುತ್ತಿಗೆಯ ಕೆಳಗೆ ಅಪ್ಪನ ಗುರುತಿದೆ. ಉಂಗುರ, ಒಳಗೊಂದು ಚುಕ್ಕಿ. ಆದರೆ ಉಂಗುರ ದುಂಡಗಿಲ್ಲ. ಎಳೆದ ಹಾಗೆ ಉದ್ದವಾಗಿ ಮೊಟ್ಟೆಯಾಗಿದೆ.

ನನ್ನನ್ನು ನೀನು ಕುಲುಮೆಯ ಒಳಗೆ ಬಿಟ್ಟುಕೊಳ್ಳದೆ ಇರಬಹುದು, ಬಾಗಿಲಲ್ಲಿ ಕೂತು ನೋಡಿಯೇ ನಾನು ಬೆಳೆದದ್ದು. ಅಪ್ಪ ಗುರುತು ಹೊಡೆಯುತ್ತಿದ್ದದ್ದು ಸಾಮಾನು ಪೂರ್ತಿ ಮುಗಿದ ಮೇಲೆ, ಒಂದೇ ಏಟಿಗೆ. ಆಮೇಲೆ ಅದರ ಮೇಲೆ ಸುತ್ತಿಗೆ ಬೀಳುತ್ತಿರಲಿಲ್ಲ. ಈ ಗುರುತು ಹೀಗೆ ಎಳೆದುಕೊಳ್ಳಬೇಕಾದರೆ ಹೊಡೆದಾದ ಮೇಲೆ ಯಾರೋ ಇದನ್ನು ಮತ್ತೆ ಕೆಂಪಗೆ ಕಾಯಿಸಿ ಬಡಿದಿದ್ದಾರೆ.

ಅಪ್ಪನ ನಾಲ್ಕು ಹಲ್ಲಿನ ಗುದ್ದಲಿ ಇದು. ಅದನ್ನು ಬೆಂಕಿಗೆ ಹಾಕಿ, ಹಲ್ಲುಗಳನ್ನು ಒಂದಕ್ಕೊಂದು ಬೆಸೆದು, ಬಡಿದು ಅಲಗು ಮಾಡಿದ್ದೀಯ. ಆಮೇಲೆ ಅದನ್ನೇ ನನಗೆ ಕಳಿಸಿ, ನಾನು ಹೊಗಳಿದ್ದನ್ನು ಓದಿ ಮೀಸೆಯಲ್ಲಿ ನಕ್ಕಿದ್ದೀಯ.

ಅವನ ಕೈ ಸವೆಸಿದ್ದ ವಸ್ತು ಜಗತ್ತಿನಲ್ಲಿ ಅದೊಂದೇ ಇತ್ತು. ನಿನಗೆ ಹೇಗಾದರೂ ಕೈ ಬಂತು? ಕುಲುಮೆಯಲ್ಲಿ ಬೇರೆ ಕಬ್ಬಿಣವೇ ಇರಲಿಲ್ಲವೇ?

ಸಹಿ ಹಾಕುವುದಿಲ್ಲ. ಯಾರು ಬರೆದದ್ದೆಂದು ನಿನಗೆ ಗೊತ್ತು.


ಜೂನ್ ೮

ನಾದಿನಿಗೆ ಅತ್ತಿಗೆ ಮಾಡುವ ಆಶೀರ್ವಾದ, ಮತ್ತು ಅದರ ಬೆನ್ನಿಗೇ ಬೈಗುಳ.

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಅವರು ಕುಲುಮೆಯ ಬಾಗಿಲು ತೆಗೆದಿಲ್ಲ. ಗಿರಾಕಿಗಳು ಬಂದು ಹಿಂದಿರುಗುತ್ತಿದ್ದಾರೆ. ನಾನು ಹೇಗಿದ್ದೇನೆ ಎಂದು ನೀನು ಕೇಳಲಿಲ್ಲವೆಂದು ಇವರು ಕಾಗದದಲ್ಲಿ ದೂರಿದ್ದನ್ನೂ ಓದಿದೆ. ಹೇಗಿದ್ದೇನೆ ಎಂದು ನಾನೇ ಹೇಳುತ್ತೇನೆ: ನಿಮ್ಮಿಬ್ಬರಿಂದ ನನಗೆ ಸಾಕಾಗಿದೆ.

ಮಾವ ಹೋದ ಮೂರನೆಯ ದಿನದ ಮಧ್ಯಾಹ್ನ, ಬಂದವರೆಲ್ಲ ಹಜಾರದಲ್ಲಿ ಕೂತಿದ್ದಾಗ ನೀನು ಏನು ಹೇಳಿದೆ, ನೆನಪಿದೆಯಾ? ನಿನಗೆ ನೆನಪಿರಲಿಕ್ಕಿಲ್ಲ. ಆಡಿದವರಿಗೆ ನೆನಪಿರುವುದಿಲ್ಲ. ಕುಲುಮೆ ಯಾರಿಗೆ ಎಂಬ ಮಾತು ಬಂದಾಗ ನೀನು ಎದ್ದು ನಿಂತು, "ಅಪ್ಪ ಕೈ ಹಿಡ್ಕೊಂಡು ಮಾಡ್ಸಿದ್ದು ಬಿಟ್ರೆ ಇವ್ನು ಸ್ವಂತಕ್ಕೆ ಒಂದು ಮೊಳೆ ಮಾಡಿದ್ದನ್ನ ಯಾರಾದ್ರೂ ನೋಡಿದ್ದೀರಾ?" ಅಂದೆ. ಯಾರೂ ಉಸಿರೆತ್ತಲಿಲ್ಲ. ಉಸಿರೆತ್ತದೆ ಇದ್ದದ್ದರಿಂದಲೇ ನಿನ್ನ ಅಣ್ಣನಿಗೆ ಹೆಚ್ಚು ನೋವಾದದ್ದು. ನೀನು ಚೀಲ ಎತ್ತಿಕೊಂಡು ಬಸ್ಸಿಗೆ ಹೋದೆ. ಇವರು ನೇರ ಕುಲುಮೆಗೆ ಹೋಗಿ ಬಾಗಿಲ ಹಿಂದೆ ಕೈಗೆ ಸಿಕ್ಕಿದ್ದನ್ನು ತೆಗೆದು ಬೆಂಕಿಗೆ ಹಾಕಿದರು. ಅದು ಯಾವುದೆಂದು ನೋಡಿಯೇ ಹಾಕಿದರೋ, ನೋಡದೆಯೋ, ನಾನು ಇವತ್ತಿನವರೆಗೂ ಕೇಳಿಲ್ಲ. ಊಟಕ್ಕೆ ಕರೆಯಲು ಹೋದಾಗ ಅರ್ಧ ಅಲಗಾಗಿತ್ತು. ಮುಖವೆಲ್ಲ ಒದ್ದೆ. ಬೆಂಕಿಯ ಬೆವರು ಅಂದರು.

ಆ ಅಲಗನ್ನು ಯಾರಿಗೂ ಕೊಡಲಿಲ್ಲ. ಏಳು ವರ್ಷ ಬಟ್ಟೆ ಸುತ್ತಿ ಅಟ್ಟದ ಮೇಲಿತ್ತು, ವರ್ಷಕ್ಕೊಂದು ಸಲ ಇಳಿಸಿ ಎಣ್ಣೆ ಹಚ್ಚುತ್ತಿದ್ದರು. ನೀನು ಕೇಳಿದಾಗ ಕಳಿಸಿದರು. ನಿನ್ನ ಮಾರ್ಚಿನ ಕಾಗದ ಬಂದಾಗ 'ಅಪ್ಪ ಇಷ್ಟು ಸಮನಾಗಿ ಬಡಿದದ್ದನ್ನು ಕಂಡಿಲ್ಲ' ಎಂಬ ಸಾಲನ್ನು ನನಗೆ ಎರಡು ಸಲ ಓದಿ ಹೇಳಿದರು. ನಕ್ಕಿದ್ದು ನಿಜ. ನೀನು ಅಂದುಕೊಂಡ ನಗು ಅದಲ್ಲ.

ಅವರು ಮಾಡಿದ್ದು ಸರಿಯೆಂದು ನಾನು ಹೇಳುವುದಿಲ್ಲ. ಮಾವನ ಗುದ್ದಲಿ ಸುಟ್ಟದ್ದು ತಪ್ಪು, ಅದನ್ನು ಮುಚ್ಚಿಟ್ಟದ್ದು ಇನ್ನೂ ದೊಡ್ಡ ತಪ್ಪು. ಆದರೆ ಆ ದಿನ ಬೆಂಕಿಗೆ ಗಾಳಿ ಹಾಕಿದವರು ಯಾರು ಎಂದು ನೀನೂ ಯೋಚಿಸು.

ನಿನ್ನ ಅತ್ತಿಗೆ


ಜೂನ್ ೧೫

ಅಣ್ಣನಿಗೆ,

ಅತ್ತಿಗೆ ಎಲ್ಲ ಬರೆದಿದ್ದಾರೆ. ನೀನು ಬಾಯಿಬಿಟ್ಟು ಹೇಳಬೇಕಾದದ್ದನ್ನು ಅವರ ಕೈಯಿಂದ ಓದಬೇಕಾಯಿತು ಎಂಬ ಸಿಟ್ಟು ಇದ್ದೇ ಇದೆ.

ಆ ಮಾತು ನನಗೆ ನಿಜಕ್ಕೂ ನೆನಪಿರಲಿಲ್ಲ. ಓದಿದ ಮೇಲೆ ನೆನಪಾಯಿತು. ಕುಲುಮೆಯ ಹೊಸ್ತಿಲು ದಾಟಬೇಡ ಎಂದು ಹನ್ನೆರಡನೆಯ ವಯಸ್ಸಿನಿಂದ ಕೇಳಿಸಿಕೊಂಡವಳು ಎಲ್ಲಿ ಚುಚ್ಚಿದರೆ ನೋಯುತ್ತದೆ ಎಂದು ಹುಡುಕಿ ಆಡಿದ ಮಾತು ಅದು. ಸುಳ್ಳೆಂದು ಆಡುವಾಗಲೇ ಗೊತ್ತಿತ್ತು. ಹಾಗೆಂದು ನನಗೆ ಸಿಟ್ಟು ಇಳಿದಿದೆ ಎಂದುಕೊಳ್ಳಬೇಡ. ನಿನ್ನ ಮೇಲಿದ್ದದ್ದರಲ್ಲಿ ಅರ್ಧ ಈಗ ನನ್ನ ಮೇಲೆ ಬಂದು ಕೂತಿದೆ, ಅಷ್ಟೇ ವ್ಯತ್ಯಾಸ.

ಅಲಗನ್ನು ವಾಪಸು ಕಳಿಸಿದ್ದೇನೆ. ಕಾವು ನನ್ನ ಬಳಿಯೇ ಇದೆ, ಅದು ನನ್ನ ಅಳತೆಯದು. ಇದನ್ನು ಮತ್ತೆ ಹಲ್ಲು ಬಿಡಿಸಿ ಕೊಡು. ಬೇರೆ ಹೊಸದು ಮಾಡಿ ಕಳಿಸಿದರೆ ಮುಟ್ಟುವುದಿಲ್ಲ. ಆಗಸ್ಟಿಗೆ ಹೆಚ್ಚು ದಿನವಿಲ್ಲ. ಒಂಬತ್ತು ಗುಂಡಿ ಬಾಯಿ ತೆರೆದುಕೊಂಡು ಕೂತಿವೆ, ಮ್ಯಾನೇಜರ್ ಟೈಲ್ಸಿನ ಬಣ್ಣ ಆರಿಸುತ್ತಿದ್ದಾನೆ.

ಕುಲುಮೆಯ ಬಾಗಿಲು ತೆಗೆ.

ನಿನ್ನ ತಂಗಿ


ಜುಲೈ ೨

ತಂಗಿಗೆ,

ಕಳಿಸಿದ್ದೇನೆ. ಬಿಚ್ಚಿದ ಕೂಡಲೇ ಎಣಿಸುತ್ತೀಯ ಎಂದು ಗೊತ್ತು, ಅದಕ್ಕೇ ಮೊದಲೇ ಹೇಳುತ್ತೇನೆ. ಹಲ್ಲು ಮೂರೇ ಇವೆ.

ಬೆಂಕಿ ಕಂಡಾಗಲೆಲ್ಲ ಕಬ್ಬಿಣ ಪೊರೆ ಬಿಡುತ್ತದೆ. ಅಡಿಗಲ್ಲಿನ ಸುತ್ತ ಕಪ್ಪಗೆ ಉದುರುತ್ತದಲ್ಲ, ನೀನು ಚಿಕ್ಕವಳಿದ್ದಾಗ ಆರಿಸಿ ಡಬ್ಬಿಯಲ್ಲಿ ತುಂಬಿಡುತ್ತಿದ್ದೆ. ಅವತ್ತು ಒಂದಷ್ಟು ಹೋಯಿತು. ತೆಳ್ಳಗಿನ ಅಲಗನ್ನು ಮಡಿಸಿ ಮತ್ತೆ ದಪ್ಪ ಮಾಡುವಾಗ ಇನ್ನಷ್ಟು ಹೋಯಿತು. ನಾಲ್ಕು ತೆಗೆದರೆ ಸಣಕಲಾಗಿ ಜೇಡಿಗೆ ಬಾಗುತ್ತಿದ್ದವು. ಹೊಸ ಕಬ್ಬಿಣ ಸೇರಿಸಿ ನಾಲ್ಕನೆಯದು ಮಾಡುವುದು ಕಷ್ಟವೇನಲ್ಲ. ಸೇರಿಸಲಿಲ್ಲ. ನಿನಗೆ ಬೇಕಾದದ್ದು ಅಪ್ಪನದು ಎಂದಿದ್ದೆ, ಉಳಿದಿರುವ ಅಪ್ಪ ಇಷ್ಟೇ.

ಅವನ ಗುರುತೂ ಅಳಿಸಿಹೋಯಿತು. ಗುರುತು ಹೊಡೆಯುವ ಅವನ ಉಳಿ ನನ್ನ ಬಳಿ ಇದೆ, ಆದರೆ ಹೊಡೆಯಲು ಕೈ ಬರಲಿಲ್ಲ. ಅವನು ಮಾಡಿದ್ದಲ್ಲವಲ್ಲ.

ನೋಡಿಯೇ ಹಾಕಿದರೋ, ನೋಡದೆಯೋ ಎಂದು ಅತ್ತಿಗೆ ಬರೆದಿದ್ದಾಳಂತೆ. ನೋಡಿಯೇ ಹಾಕಿದೆ.

ಗುಂಡಿಯ ಗೋಡೆಗೆ ಹಲ್ಲು ಹಾಕಿ ನಿನ್ನ ಕಡೆಗೆ ಎಳೆ. ಮೇಲಿಂದ ಕೆಳಗೆ ಸವರಬೇಡ. ಮೊದಲು ಉಂಡೆ ಬೀಳಿಸಿ ನೋಡು.

ಅಣ್ಣ


ಸೆಪ್ಟೆಂಬರ್ ೫

ಅಣ್ಣನಿಗೆ,

ತಡವಾಯಿತು. ಕೈಯೆಲ್ಲ ಬೊಬ್ಬೆ, ಪೆನ್ನು ಹಿಡಿಯಲು ಆಗುತ್ತಿರಲಿಲ್ಲ.

ಹನ್ನೊಂದು ದಿನ ಉಂಡೆ ಬೀಳಿಸಿದೆ, ಹನ್ನೊಂದು ದಿನವೂ ಚಪ್ಪಟೆಯಾಗಿ ಕೂತಿತು. ಮ್ಯಾನೇಜರ್ ಬಂದು, "ಮಣ್ಣಲ್ಲಿ ಆಟ ಆಡೋಕಾ ನಿಮ್ಗೆ ಸಂಬ್ಳ?" ಅಂದ. ಹನ್ನೆರಡನೆಯ ದಿನ ಒಡೆಯಿತು. ಒಂಬತ್ತೂ ಗುಂಡಿಗಳ ಗೋಡೆ ಕಿತ್ತು, ತಳ ಕಿತ್ತು, ಒಣ ಎಲೆಗೊಬ್ಬರ ಸೇರಿಸಿ ಮತ್ತೆ ನೆಟ್ಟೆ. ಎರಡು ಹೋದವು. ಏಳು ಚಿಗುರಿವೆ, ಹಳೆಯ ಮೂರು ಮೊಳಕಾಲುದ್ದ ಎದ್ದಿವೆ. ಮ್ಯಾನೇಜರ್ ಈಗ ಬಂದವರಿಗೆಲ್ಲ 'ನಮ್ಮ ತೋಟ' ಎಂದು ತೋರಿಸುತ್ತಿದ್ದಾನೆ. ಅವನ 'ನಮ್ಮ' ಕೇಳಿ ನನಗೆ ಮೈ ಉರಿಯುತ್ತದೆ, ಆದರೆ ಟೈಲ್ಸಿನ ಮಾತು ನಿಂತಿದೆ. ಮೂಲೆಯ ಹಾಸಿಗೆಯವಳನ್ನು ಹೋದ ವಾರ ಗಾಲಿಕುರ್ಚಿಯಲ್ಲಿ ಹೊರಗೆ ತಂದರು. ತನ್ನ ದಾಳಿಂಬೆ ನೋಡಿ, "ಇಷ್ಟೇನಾ? ಎದೆಮಟ್ಟ ಬೆಳ್ದಿದೆ ಅಂದಿದ್ರು," ಎಂದು ಪಕ್ಕದವಳ ಮೇಲೆ ಸಿಡುಕಿದಳು. ಸಿಡುಕುವಷ್ಟು ಶಕ್ತಿ ಬಂದಿದೆ ಎಂದು ನರ್ಸು ಖುಷಿಪಟ್ಟಳು.

ನಿನ್ನ ಗುದ್ದಲಿಯ ಮೊದಲ ಏಟಿಗೆ ಜೇಡಿಯಲ್ಲಿ ಮೂರು ಗೀರು ಬಿದ್ದವು. ನಾಲ್ಕನೆಯದು ಎಲ್ಲಿ ಹೋಯಿತು ಎಂದು ನಿನ್ನನ್ನು ಕೇಳುವುದಿಲ್ಲ. ಅದರಲ್ಲಿ ನನ್ನ ಬಾಯಿಗೂ ಪಾಲಿದೆ.

ಮೊನ್ನೆ ಕುಂಬಾರ ಕಾಲು ತೋರಿಸಿಕೊಳ್ಳಲು ಬಂದಿದ್ದ. ಗುದ್ದಲಿಯನ್ನು ಎತ್ತಿ ತೂಗಿ ನೋಡಿದ, ಹಲ್ಲಿಗೆ ಬೆರಳು ತಟ್ಟಿ ಸದ್ದು ಕೇಳಿದ, ಕುತ್ತಿಗೆಯನ್ನು ತಿರುಗಿಸಿ ತಿರುಗಿಸಿ ಹುಡುಕಿದ.

"ಗುರುತೇ ಇಲ್ವಲ್ಲಮ್ಮ. ಯಾರು ಮಾಡಿದ್ದು ಇದು?"

ಎರಡೂ ವಾರ್ಡಿನ ಕಿಟಕಿಗಳು ತೆರೆದಿದ್ದವು, ಎಲ್ಲರೂ ಕೂತಿದ್ದರು. ಅವತ್ತು ಹಜಾರದಲ್ಲಿ ಎಷ್ಟು ಗಟ್ಟಿಯಾಗಿ ಹೇಳಿದ್ದೆನೋ ಅಷ್ಟೇ ಗಟ್ಟಿಯಾಗಿ ಹೇಳಿದೆ.

"ನಮ್ಮಣ್ಣ ಮಾಡಿದ್ದು. ಯಾರೂ ಅವ್ನ ಕೈ ಹಿಡ್ದಿರ್ಲಿಲ್ಲ."

ಗುರುತು ಹೊಡೆಯದೆ ಸಾಮಾನು ಕಳಿಸುವ ಕಮ್ಮಾರನನ್ನು ನಾನು ಎಲ್ಲೂ ಕಂಡಿಲ್ಲ. ಅಪ್ಪನ ಉಳಿ ಬೇಡ. ನಿನ್ನದೇ ಗುರುತಿನದೊಂದು ಮಾಡಿಕೊಂಡು, ಅತ್ತಿಗೆಯನ್ನೂ ಕರೆದುಕೊಂಡು ಬಾ. ಸುತ್ತಿಗೆ ನನ್ನ ಹತ್ತಿರ ಇದೆ, ಇದ್ದಿಲೂ ಸಿಗುತ್ತದೆ. ಬೆಂಕಿಗೆ ತಿದಿ ನಾನು ಒತ್ತುತ್ತೇನೆ, ಬೇಡವೆಂದು ಹೇಳಲು ಇಲ್ಲಿ ಹೊಸ್ತಿಲಿಲ್ಲ.

ತಂಗಿ